ಹಿತ್ತಲ ಗಿಡಕ್ಕೆ ಕಟ್ಟಿದ ಬೆಲೆ

ಐಪಿಎಲ್ ಹರಾಜಿನ ದಿನ ನಮ್ಮ ಹಾಸ್ಟೆಲ್ ಕಾಮನ್ ರೂಮ್ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಯಾರಿಗೆ ಎಷ್ಟು ಕೋಟಿ, ಯಾರಿಗೆ ಜಾಸ್ತಿ ಆಯ್ತು, ಯಾರಿಗೆ ಅನ್ಯಾಯ ಆಯ್ತು ಅಂತ ಊಟದ ಬೆಲ್ ಹೊಡೆದರೂ ವಾದ ಮುಗಿಯಲ್ಲ. ಆದರೆ ಆಡೋರಿಗೆ ಬೆಲೆ ಕಟ್ತಾರಲ್ಲ, ಆಡಿಸೋರಿಗೆ ಯಾಕೆ ಕಟ್ಟಲ್ಲ ಅಂತ ನಾವು ಯಾವತ್ತೂ ಕೇಳಿಕೊಂಡಿರಲಿಲ್ಲ. ಒಬ್ಬ ಕೋಚ್‌ಗೆ ನಿಜವಾಗಲೂ ಹಾಗೆ ಬೆಲೆ ಕಟ್ಟಿದ ಕಥೆಯೊಂದಿದೆ. ಅವರ ಹೆಸರು ಫ್ರೆಡ್ ಶೀರೋ. ಆಟ ಐಸ್ ಹಾಕಿ.

ಮೊದಲು ಒಂದು ವಿಷಯ ತಿಳ್ಕೊಂಡುಬಿಡೋಣ. ಅಮೆರಿಕ, ಕೆನಡಾದ ಟೀಮ್‌ಗಳು ಆಡುವ ಎನ್‌ಎಚ್‌ಎಲ್ ಲೀಗಿನಲ್ಲಿ ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತೆ. ಹೊಸ ಹುಡುಗರನ್ನು ಟೀಮ್‌ಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್ನಿನಲ್ಲಿ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಈ ಸರದಿಗೆ 'ಪಿಕ್' ಅಂತಾರೆ. ಪಿಕ್ ಅನ್ನೋದು ಸೈಟ್ ಇದ್ದ ಹಾಗೆ, ಇನ್ನೊಂದು ಟೀಮಿಗೆ ಕೊಡಬಹುದು, ಬದಲಿಗೆ ಬೇರೇನಾದರೂ ತಗೋಬಹುದು. ಮೊದಲ ಸುತ್ತಿನ ಪಿಕ್ ಅಂದ್ರೆ ಎಂ.ಜಿ. ರೋಡಿನ ಸೈಟ್.

ಶೀರೋ ಹುಟ್ಟಿದ್ದು 1925ರಲ್ಲಿ, ಕೆನಡಾದ ವಿನಿಪೆಗ್‌ನಲ್ಲಿ. ತಂದೆ ತಾಯಿ ರಷ್ಯಾದಿಂದ ವಲಸೆ ಬಂದವರು. ಡಿಫೆನ್ಸ್ ಆಟಗಾರನಾಗಿ ನ್ಯೂಯಾರ್ಕ್ ರೇಂಜರ್ಸ್ ಪರವಾಗಿ 1947ರಿಂದ ಮೂರು ಸೀಸನ್ ಆಡಿದರು. ದೊಡ್ಡ ಹೆಸರೇನೂ ಆಗಲಿಲ್ಲ. ಆಮೇಲೆ ಕೋಚ್ ಆದರು, ಅದೂ ದೊಡ್ಡ ಲೀಗಿನಲ್ಲಿ ಅಲ್ಲ. ಸಣ್ಣ ಲೀಗುಗಳಲ್ಲಿ, ಸಣ್ಣ ಊರುಗಳಲ್ಲಿ, ಬಸ್ಸಿನಲ್ಲಿ ಓಡಾಡಿಕೊಂಡು 13 ಸೀಸನ್. ಸೇಂಟ್ ಪಾಲ್, ಒಮಾಹಾ, ಬಫಲೋ ಹೀಗೆ ಹೋದಲ್ಲೆಲ್ಲ ಕಪ್ ಗೆದ್ದರು. ಇದರಲ್ಲಿ ಬಹಳಷ್ಟು ವರ್ಷ ಅವರು ಕೆಲಸ ಮಾಡಿದ್ದು ರೇಂಜರ್ಸ್‌ಗೆ ಆಟಗಾರರನ್ನು ತಯಾರು ಮಾಡಿಕೊಡುವ ಟೀಮ್‌ಗಳಲ್ಲೇ. ಅಂದ್ರೆ ಒಂಥರಾ ರೇಂಜರ್ಸ್ ಮನೆಯ ಹಿತ್ತಲಲ್ಲೇ ಇದ್ದರು. ಆದರೂ ಮುಂಬಾಗಿಲಿಗೆ ಅವರನ್ನು ಯಾರೂ ಕರೆಯಲಿಲ್ಲ.

1971ರಲ್ಲಿ ಕರೆದದ್ದು ಫಿಲಡೆಲ್ಫಿಯಾ ಫ್ಲಯರ್ಸ್. ಆಗ ಆ ಟೀಮಿಗೆ ಬರೀ ನಾಲ್ಕು ವರ್ಷ. ಮೊದಲ ಸೀಸನ್ನಿನ ಕೊನೇ ಮ್ಯಾಚಿನಲ್ಲಿ, ಕೊನೇ ನಾಲ್ಕು ಸೆಕೆಂಡ್ ಇರುವಾಗ ಗೋಲ್ ಬಿಟ್ಟುಕೊಟ್ಟು ಪ್ಲೇ-ಆಫ್ ತಪ್ಪಿಹೋಯ್ತು. ಒಂದು ಮಾರ್ಕಿನಲ್ಲಿ ಸಬ್ಜೆಕ್ಟ್ ಹೋದ ಹಾಗೆ.

ಅಲ್ಲಿಂದ ಶೀರೋ ಮಾಡಿದ ಕೆಲಸ ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಚೆನ್ನಾಗಿ ಅರ್ಥವಾಗುತ್ತೆ. ಅವರು ಆಟವನ್ನು ಒಂದು ಸಿಸ್ಟಮ್ ಥರ ನೋಡಿದರು. ಪಕ್ ಎಲ್ಲಿದ್ದರೆ ಯಾರು ಎಲ್ಲಿರಬೇಕು ಅಂತ ಬರೆದಿಟ್ಟು ಕಲಿಸಿದರು. ಫಿಲ್ಮ್ ಹಾಕಿ ಎದುರಾಳಿಗಳನ್ನು ಓದಿದರು. ಪೂರ್ತಿ ಸಮಯದ ಅಸಿಸ್ಟೆಂಟ್ ಕೋಚ್ ಇಟ್ಟುಕೊಂಡ ಮೊದಲಿಗರು ಅವರೇ, 1972ರಲ್ಲಿ, ಮೈಕ್ ನೈಕೋಲುಕ್ ಅನ್ನೋರನ್ನ. ಆ ಕಾಲದಲ್ಲಿ ಉತ್ತರ ಅಮೆರಿಕದವರು ಸೋವಿಯತ್ ಹಾಕಿಯಿಂದ ಕಲಿಯೋದೇನಿದೆ ಅಂತಿದ್ದರೆ, ಇವರು ಮಾಸ್ಕೋಗೇ ಹೋಗಿ ಅನತೋಲಿ ತರಾಸೋವ್ ಅವರ ವಿಧಾನಗಳನ್ನು ಅಭ್ಯಾಸ ಮಾಡಿ ಬಂದರು. ಮಾತು ಕಡಿಮೆ. ಎಲ್ಲೋ ಯೋಚನೆಯಲ್ಲಿ ಕಳೆದುಹೋದ ಹಾಗೆ ಇರುತ್ತಿದ್ದರು. ಅಡ್ಡಹೆಸರು 'ಮಂಜು'. ಹೇಳಬೇಕಾದ್ದನ್ನು ಬೋರ್ಡಿನ ಮೇಲೆ ಬರೆದು ಹೊರಟುಬಿಡುತ್ತಿದ್ದರು.

1974ರಲ್ಲಿ ಬಾಸ್ಟನ್ ಬ್ರೂಯಿನ್ಸ್ ವಿರುದ್ಧ ಆರನೇ ಮ್ಯಾಚ್ 1-0 ಗೆದ್ದು ಫ್ಲಯರ್ಸ್ ಸ್ಟ್ಯಾನ್ಲಿ ಕಪ್ ಎತ್ತಿತು. 1967ರಲ್ಲಿ ಲೀಗ್ ದೊಡ್ಡದಾದಾಗ ಸೇರಿದ ಟೀಮ್‌ಗಳಲ್ಲಿ ಕಪ್ ಗೆದ್ದ ಮೊದಲನೆಯದು ಇದು. ಅದೇ ವರ್ಷ ಶುರುವಾದ ಶ್ರೇಷ್ಠ ಕೋಚ್ ಪ್ರಶಸ್ತಿ, ಜ್ಯಾಕ್ ಆಡಮ್ಸ್ ಅವಾರ್ಡ್, ಮೊದಲು ಸಿಕ್ಕಿದ್ದು ಶೀರೋಗೆ. 1975ರಲ್ಲಿ ಮತ್ತೆ ಕಪ್. 1976ರ ಜನವರಿ 11ರಂದು ಸೋವಿಯತ್ ರೆಡ್ ಆರ್ಮಿ ಟೀಮ್ ಫಿಲಡೆಲ್ಫಿಯಾಗೆ ಬಂದಾಗ ಅದನ್ನೂ 4-1ರಿಂದ ಸೋಲಿಸಿದರು. ಇನ್ನೊಂದು ಮಾತನ್ನೂ ಹೇಳಲೇಬೇಕು, ಆ ಟೀಮ್ ಸಾಧು ಟೀಮ್ ಅಲ್ಲ. ಹೊಡೆದಾಟಕ್ಕೆ ಕುಖ್ಯಾತಿ ಪಡೆದಿತ್ತು, ಶೀರೋ ಅದನ್ನು ತಡೆಯಲೂ ಇಲ್ಲ. ಇವತ್ತಿಗೂ ಅವರನ್ನು ಇಷ್ಟಪಡದವರು ಇದನ್ನೇ ಎತ್ತಿ ಹೇಳ್ತಾರೆ. ತಪ್ಪೇನಿಲ್ಲ.

ಈಗ ಬೆಲೆಯ ವಿಷಯ. 1978ರ ಸೀಸನ್ ಮುಗಿದ ಮೇಲೆ ಶೀರೋ ರಾಜೀನಾಮೆ ಕೊಟ್ಟರು. ಕಾಂಟ್ರಾಕ್ಟ್ ಇನ್ನೂ ಒಂದು ವರ್ಷ ಬಾಕಿ ಇತ್ತು, ಫ್ಲಯರ್ಸ್ ಒಪ್ಪಲಿಲ್ಲ. ಸ್ವಲ್ಪ ದಿನದಲ್ಲೇ ಗೊತ್ತಾಯ್ತು, ಅವರನ್ನು ಕೋಚ್ ಮತ್ತು ಜನರಲ್ ಮ್ಯಾನೇಜರ್ ಎರಡೂ ಮಾಡಿ ಕರೆದುಕೊಂಡಿದ್ದು ಯಾರು ಅಂತ. ಅದೇ ರೇಂಜರ್ಸ್! ನಮ್ಮ ಮನುಷ್ಯನನ್ನು ಒಳಗಿಂದೊಳಗೆ ಎಳೆದುಕೊಂಡರು ಅಂತ ಫ್ಲಯರ್ಸ್ ಜಗಳ ತೆಗೆಯಿತು. ಕೊನೆಗೆ ರಾಜಿ ಆಯ್ತು. ರೇಂಜರ್ಸ್ ತಮ್ಮ ಮೊದಲ ಸುತ್ತಿನ ಪಿಕ್ ಕೊಟ್ಟು, ಮೇಲಷ್ಟು ಹಣವನ್ನೂ ಕೊಟ್ಟಿತು. ವರ್ಷಾನುಗಟ್ಟಲೆ ಹಿತ್ತಲಲ್ಲಿ ಬೆಳೆದ ಗಿಡ ಮದ್ದು ಅಂತ ಅನ್ನಿಸಿರಲಿಲ್ಲ, ಪಕ್ಕದ ಮನೆಯವರು ನೆಟ್ಟು ಹೂಬಿಟ್ಟ ಮೇಲೆ ದುಡ್ಡು ಕೊಟ್ಟು ಕಿತ್ತು ತಂದರು.

ಆ ಪಿಕ್‌ನಲ್ಲಿ ಫ್ಲಯರ್ಸ್ ಏಳನೆಯವನಾಗಿ ಆರಿಸಿಕೊಂಡದ್ದು ಕೆನ್ ಲಿನ್ಸ್‌ಮನ್ ಅನ್ನೋ ಹುಡುಗನನ್ನು. ನಾಲ್ಕು ಸೀಸನ್ ಆದ ಮೇಲೆ, 1982ರಲ್ಲಿ, ಅವರನ್ನು ಮುಖ್ಯವಾಗಿ ಇಟ್ಟು ಮಾಡಿದ ಅದಲುಬದಲಿಯಲ್ಲಿ ಮಾರ್ಕ್ ಹೋವ್ ಬಂದರು. ಹೋವ್ ಹತ್ತು ವರ್ಷ ಫ್ಲಯರ್ಸ್ ಡಿಫೆನ್ಸಿನ ಬೆನ್ನೆಲುಬಾಗಿದ್ದರು, ಆಮೇಲೆ ಹಾಲ್ ಆಫ್ ಫೇಮ್ ಸೇರಿದರು. ಒಬ್ಬ ಕೋಚ್ ಎದ್ದು ಹೋದ ಕುರ್ಚಿಯ ಬಾಡಿಗೆ ಅಷ್ಟು ವರ್ಷ ಬರುತ್ತಲೇ ಇತ್ತು.

ರೇಂಜರ್ಸ್‌ಗೂ ಮೋಸ ಆಗಲಿಲ್ಲ. 1979ರಲ್ಲಿ ಶೀರೋ ಅವರ ಟೀಮ್ ಪ್ಲೇ-ಆಫಿನಲ್ಲಿ ಫ್ಲಯರ್ಸ್‌ನ್ನೇ ಸೋಲಿಸಿ ಫೈನಲ್ ತಲುಪಿತು, ಅಲ್ಲಿ ಮಾಂಟ್ರಿಯಲ್ ಎದುರು ಸೋತಿತು. ಆದರೆ 1980ರ ಸೀಸನ್ ಶುರುವಿನಲ್ಲೇ 20 ಮ್ಯಾಚಲ್ಲಿ ನಾಲ್ಕೇ ಗೆಲುವು. ಶೀರೋ ಹೊರಬಂದರು. ಎನ್‌ಎಚ್‌ಎಲ್‌ನಲ್ಲಿ ಮತ್ತೆ ಕೋಚ್ ಆಗಲಿಲ್ಲ. ರೇಡಿಯೋದಲ್ಲಿ ಆಟದ ಬಗ್ಗೆ ಮಾತಾಡಿದರು, ಒಂದು ಸೀಸನ್ ನೆದರ್ಲೆಂಡ್ಸ್‌ಗೆ ಹೋಗಿ ಕೋಚಿಂಗ್ ಮಾಡಿದರು. 1990ರಲ್ಲಿ ಫ್ಲಯರ್ಸ್ ಅವರನ್ನು ವಾಪಸ್ ಕರೆಯಿತು. ಈ ಸಲ ಪಿಕ್ ಇಲ್ಲ, ಜಗಳ ಇಲ್ಲ. ಅದೇ ವರ್ಷ ನವೆಂಬರ್ 24ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಹಾಕಿ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2013ರಲ್ಲಿ, ಸತ್ತು 23 ವರ್ಷಕ್ಕೆ.

ಕಥೆಗೆ ಒಂದು ಬಾಲ ಇದೆ. ಮಗ ರೇ ಶೀರೋ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಜನರಲ್ ಮ್ಯಾನೇಜರ್ ಆಗಿ 2009ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು. 2014ರಲ್ಲಿ ಪೆಂಗ್ವಿನ್ಸ್ ಅವರನ್ನು ಕೆಲಸದಿಂದ ತೆಗೆಯಿತು. 2015ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಕರೆದುಕೊಂಡಿತು. ಆ ವರ್ಷ ಲೀಗಿನಲ್ಲಿ ನಿಯಮ ಹೇಗಿತ್ತು ಅಂದ್ರೆ, ಕಾಂಟ್ರಾಕ್ಟ್ ಇರುವವರನ್ನು ಸೀಸನ್ ನಡುವೆ ತಗೊಂಡರೆ ಎರಡನೇ ಸುತ್ತಿನ ಪಿಕ್, ಸೀಸನ್ ಮುಗಿದ ಮೇಲಾದರೆ ಮೂರನೇ ಸುತ್ತಿನದು ಪರಿಹಾರವಾಗಿ ಕೊಡಬೇಕು. ತೆಗೆದುಹಾಕಿದವರಿಗೂ ಇದು ಅನ್ವಯ! ಹೀಗೆ ತಾವೇ ಮನೆಗೆ ಕಳಿಸಿದ ರೇಗಾಗಿ ಪೆಂಗ್ವಿನ್ಸ್‌ಗೆ ಮೂರನೇ ಸುತ್ತಿನ ಪಿಕ್ ಸಿಕ್ಕಿತು. ಎಲ್ಲರೂ ತಲೆ ಚಚ್ಚಿಕೊಂಡರು, ಒಂದೇ ವರ್ಷದಲ್ಲಿ ಆ ನಿಯಮ ಹೋಯ್ತು. ಅಪ್ಪನಿಗೆ ಮೊದಲ ಸುತ್ತು, ಮಗನಿಗೆ ಮೂರನೇದು. ಎರಡು ಸಲವೂ ಅಳೆದದ್ದು ಕಾಂಟ್ರಾಕ್ಟ್ ಹಾಳೆಯನ್ನು.

ನಮ್ಮಲ್ಲಿ ಪ್ಲೇಸ್‌ಮೆಂಟ್ ಸೀಸನ್ ಬಂದಾಗ ಸೀನಿಯರ್‌ಗಳು ಬಾಂಡ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ಅಂತ ಲೆಕ್ಕ ಹಾಕ್ತಾರೆ. ಬಿಟ್ಟು ಹೋದರೆ ಎಷ್ಟು ಕಟ್ಟಬೇಕು ಅನ್ನೋದು ಹಾಳೆಯಲ್ಲಿ ಇರುತ್ತೆ. ಇರುವಾಗ ಏನು ಕೊಟ್ಟರು ಅನ್ನೋದಕ್ಕೆ ಹಾಳೆ ಇಲ್ಲ. ಶೀರೋ ಕಥೆ ಓದಿದ ರಾತ್ರಿ ನಮಗೆ ನೆನಪಾದದ್ದು ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಅಟೆಂಡರ್ ಅಣ್ಣ. ಸರ್ಕ್ಯೂಟ್ ಯಾಕೆ ಔಟ್‌ಪುಟ್ ಕೊಡ್ತಿಲ್ಲ ಅಂತ ನಾವು ಅರ್ಧ ಗಂಟೆ ಒದ್ದಾಡುವಾಗ, ಅವರು ದೂರದಿಂದಲೇ ನೋಡಿ ಯಾವ ವೈರ್ ಲೂಸ್ ಅಂತ ತೋರಿಸ್ತಾರೆ. ಅವರು ಬೇರೆ ಕಾಲೇಜಿಗೆ ಹೋಗ್ತೀನಿ ಅಂದ್ರೆ ನಾವು ಯಾವ ಸುತ್ತಿನ ಪಿಕ್ ಕೇಳಬೇಕು? ಸದ್ಯಕ್ಕೆ ಮುಂದಿನ ಲ್ಯಾಬಿನಲ್ಲಿ ಒಂದು ಥ್ಯಾಂಕ್ಸ್ ಹೇಳಿ ಬರ್ತೀವಿ.