ರುಸ್ತುಮ್-ಎ-ಜಮಾನಾ ಗಾಮಾ ಪೈಲವಾನ

ಜಗತ್ತು ಕಂಡ ಹೆವಿವೇಟ್ ಬಾಕ್ಸರ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ಈ ಪ್ರಶ್ನೆ ಒಮ್ಮೆ ಎದ್ದರೆ ಸಾಕು, ಊಟದ ತಾಟು ಒಣಗಿದರೂ ಹಾಸ್ಟೆಲ್ಲಿನಲ್ಲಿ ಚರ್ಚೆ ಮುಗಿಯುವುದಿಲ್ಲ. ಒಬ್ಬರು ಮುಹಮ್ಮದ್ ಅಲಿ ಎನ್ನುತ್ತಾರೆ. 1964, 1974, 1978 ಹೀಗೆ ಮೂರು ಸಲ ಪಟ್ಟ ಗೆದ್ದವರು, ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದೆ ಹರೆಯದ ಮೂರೂವರೆ ವರ್ಷ ಕಳೆದುಕೊಂಡವರು ಅವರು. ಇನ್ನೊಬ್ಬರು ಜೋ ಲೂಯಿಸ್ ಹೆಸರು ಹೇಳುತ್ತಾರೆ. 1937ರಲ್ಲಿ ಪಟ್ಟ ಗೆದ್ದು, ಅದನ್ನು 25 ಸಲ ಉಳಿಸಿಕೊಂಡು, 1949ರಲ್ಲಿ ತಾವಾಗಿಯೇ ಬಿಟ್ಟುಕೊಟ್ಟವರು. ಮೂರನೆಯವರ ಆಯ್ಕೆ ರಾಕಿ ಮಾರ್ಸಿಯಾನೊ. 49 ಪಂದ್ಯ ಆಡಿ 49ನ್ನೂ ಗೆದ್ದವರು.

ಈ ಚರ್ಚೆಗೆ ಕೊನೆ ಕಾಣಿಸಲು ಕಂಪ್ಯೂಟರನ್ನೂ ಕರೆದದ್ದುಂಟು. 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಅವರ ಅಂಕಿಅಂಶಗಳನ್ನು ಅದಕ್ಕೆ ಉಣಿಸಿ, ಇಬ್ಬರನ್ನೂ ಕ್ಯಾಮೆರಾ ಮುಂದೆ ಸೆಣಸುವಂತೆ ನಟಿಸಲು ಹಚ್ಚಿ ಚಿತ್ರ ತೆಗೆದರು. ಅಮೆರಿಕದ ಜನ ನೋಡಿದ ಚಿತ್ರದಲ್ಲಿ ಮಾರ್ಸಿಯಾನೊ ಗೆದ್ದರು. ಯುರೋಪಿನಲ್ಲಿ ತೋರಿಸಿದ ಚಿತ್ರದಲ್ಲಿ ಅಲಿ ಗೆದ್ದರು! ಕಂಪ್ಯೂಟರಿಗೂ ತೀರ್ಪು ಕೊಡಲಾಗಲಿಲ್ಲ. ತಮ್ಮ ತಮ್ಮ ಹರೆಯದಲ್ಲಿ ಎದುರಾಗದೇ ಹೋದವರ ಜಗಳವನ್ನು ಯಾರು ಬಿಡಿಸಲು ಸಾಧ್ಯ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಾದ ನಮಗೆ ಬಾಕ್ಸಿಂಗ್ ಟಿವಿಯಲ್ಲಿ ನೋಡುವ ಆಟ. ಕುಸ್ತಿ ಹಾಗಲ್ಲ, ಅದು ಜಾತ್ರೆಯಲ್ಲಿ ಕಣ್ಣಾರೆ ಕಾಣುವ ಆಟ. ಹಲಗಿ ಬಡಿತ, ಕೆಂಪು ಮಣ್ಣಿನ ಕಣ, ಬೆಳ್ಳಿ ಕಡಗ, ಕಡೆಗೆ ಒಂದು ನಿಕಾಲಿ ಕುಸ್ತಿ. ನಿಕಾಲಿ ಎಂದರೆ ಇಬ್ಬರಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗಲೇಬೇಕು. ಆ ಕಣದಿಂದ ನೋಡಿದರೆ ಶ್ರೇಷ್ಠರ ಚರ್ಚೆಯಲ್ಲಿ ಇನ್ನೊಂದು ಹೆಸರು ಬರಲೇಬೇಕು. ಅದು ಗಾಮಾ ಪೈಲವಾನರ ಹೆಸರು.

ಗಾಮಾ ಎಂಬುದು ಮನೆಯವರು ಕರೆಯುತ್ತಿದ್ದ ಹೆಸರು. ನಿಜ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್. ಅವರು ಹುಟ್ಟಿದ್ದು 1878ರಲ್ಲಿ. ಮೂಲತಃ ಕಾಶ್ಮೀರದಿಂದ ಬಂದು ಪಂಜಾಬಿನಲ್ಲಿ ನೆಲೆಸಿದ್ದ ಪೈಲವಾನರ ಮನೆತನ. ಗಾಮಾ ಇನ್ನೂ ಎಳೆಯ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತಂದೆ ಸಾಕಿದರು. ಅವರೂ ಕಣ್ಮುಚ್ಚಿದ ಮೇಲೆ ಸೋದರಮಾವ ಸಾಕಿದರು. ಇಬ್ಬರೂ ಪೈಲವಾನರೇ. ಹೀಗೆ ತಂದೆಯಿಲ್ಲದ ಹುಡುಗನಿಗೆ ಗರಡಿಯೇ ಮನೆಯಾಯಿತು.

ಹತ್ತನೇ ವಯಸ್ಸಿನಲ್ಲಿ, 1888ರಲ್ಲಿ, ಜೋಧಪುರದ ಮಹಾರಾಜರು ಒಂದು ಸ್ಪರ್ಧೆ ಇಟ್ಟಿದ್ದರು. ಅಲ್ಲಿ ಯಾರೂ ಯಾರನ್ನೂ ಕೆಡವಬೇಕಾಗಿರಲಿಲ್ಲ. ಬೈಠಕ್ ಹೊಡೆಯುತ್ತ ಹೋಗಬೇಕು, ಸೋತವರು ಪಕ್ಕಕ್ಕೆ ಸರಿಯಬೇಕು, ಅಷ್ಟೇ. ದೇಶದ ಮೂಲೆ ಮೂಲೆಯಿಂದ 400ಕ್ಕೂ ಹೆಚ್ಚು ಪೈಲವಾನರು ಬಂದಿದ್ದರು. ಒಬ್ಬೊಬ್ಬರಾಗಿ ಕುಸಿಯುತ್ತ ಹೋಗಿ ಕೊನೆಗೆ 15 ಜನ ಉಳಿದರು. ಅವರಲ್ಲಿ ಮೀಸೆ ಮೂಡದ ಈ ಹುಡುಗನೂ ಒಬ್ಬ. ವಯಸ್ಸು ನೋಡಿ ಮಹಾರಾಜರು ಗೆಲುವನ್ನು ಅವನಿಗೇ ಕೊಟ್ಟರು. ಆಮೇಲೆ ದತಿಯಾ ಸಂಸ್ಥಾನದ ಮಹಾರಾಜರು ಅವನ ತಾಲೀಮಿನ ಖರ್ಚು ಹೊತ್ತರು. ಜೋಧಪುರ, ದತಿಯಾ, ಮುಂದೆ ಪಟಿಯಾಲ: ಹಿಂದೂ ಮತ್ತು ಸಿಖ್ ಅರಸರ ಆಶ್ರಯದಲ್ಲಿ ಒಬ್ಬ ಮುಸ್ಲಿಂ ಹುಡುಗ ದೇಶದ ಪೈಲವಾನನಾಗಿ ಬೆಳೆದದ್ದು ಅಂದು ಯಾರಿಗೂ ವಿಶೇಷ ಅನ್ನಿಸಿರಲಿಲ್ಲ. ಗರಡಿಯ ರೀತಿಯೇ ಹಾಗಿತ್ತು.

ಅವರ ತಾಲೀಮಿನ ಬಗ್ಗೆ ಅನೇಕ ಕಥೆಗಳಿವೆ. ದಿನಕ್ಕೆ 5000 ಬೈಠಕ್, 3000 ದಂಡ ಹೊಡೆಯುತ್ತಿದ್ದರಂತೆ. ಹಾಲು, ತುಪ್ಪ, ಬಾದಾಮಿಯ ಲೆಕ್ಕವಂತೂ ಹೇಳುವವರ ಬಾಯಿಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಬರೋಡಾದ ಸಯಾಜಿ ಬಾಗಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಅದರ ತೂಕ 1200 ಕಿಲೋ, ಅದನ್ನು ಗಾಮಾ 1902ರಲ್ಲಿ ಎತ್ತಿದರು ಎಂಬ ಮಾತಿದೆ. ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಇಲ್ಲಿ ಹುಬ್ಬೇರಿಸಿದರೆ ತಪ್ಪಲ್ಲ. ಇವತ್ತಿನ ಅತಿ ಬಲಿಷ್ಠರು ಕಬ್ಬಿಣದ ಸರಳು ಹಿಡಿದು ನೆಲದಿಂದ ಎತ್ತಿರುವುದೇ 500 ಕಿಲೋದ ಆಸುಪಾಸು. ಕಲ್ಲನ್ನು ಅಲುಗಿಸಿದರೋ, ಒಂದು ಬದಿ ಎತ್ತಿದರೋ, ಆ ಲೆಕ್ಕ ಹಾಗಿರಲಿ. ಗಾಮಾ ಅವರನ್ನು ದೊಡ್ಡವರನ್ನಾಗಿಸಲು ಆ ಕಲ್ಲು ಬೇಕಾಗಿಲ್ಲ. ಅವರ ಕುಸ್ತಿಗಳೇ ಸಾಕು.

ಅವುಗಳಲ್ಲಿ ಮೊದಲ ದೊಡ್ಡ ಕುಸ್ತಿ 17ನೇ ವಯಸ್ಸಿನದು. ಆಗ ಹಿಂದುಸ್ತಾನದ ಹೆಸರಾಂತ ಪೈಲವಾನ ಗುಜರಾಂವಾಲಾದ ರಹೀಮ್ ಬಕ್ಷ್ ಸುಲ್ತಾನಿವಾಲಾ. ಅವರ ಎತ್ತರ ಹೆಚ್ಚುಕಡಿಮೆ 7 ಅಡಿ. ಗಾಮಾ ಅವರ ಎತ್ತರ ಸುಮಾರು 5 ಅಡಿ 7 ಇಂಚು. ಲಾಹೋರಿನ ಜನ ಇದು ಕ್ಷಣದಲ್ಲಿ ಮುಗಿಯುವ ಆಟ ಎಂದುಕೊಂಡರು. ಆದರೆ ಕುಸ್ತಿ ಗಂಟೆಗಟ್ಟಲೆ ನಡೆದು ಸಮ ಸಮವಾಗಿ ನಿಂತಿತು. ಅವತ್ತಿನಿಂದ ಗಾಮಾ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ದೇಶದ ದೊಡ್ಡ ಪೈಲವಾನರೆಲ್ಲ ಅವರ ಕೈಯಲ್ಲಿ ಮಣ್ಣು ಮುಕ್ಕಿದರು. ಉಳಿದವರು ರಹೀಮ್ ಬಕ್ಷ್ ಒಬ್ಬರೇ.

1910 ಬಂತು. ಆ ವರ್ಷದ ಜುಲೈ 4ರಂದು ಅಮೆರಿಕದ ರಿನೋ ನಗರದಲ್ಲಿ ಹೆವಿವೇಟ್ ಬಾಕ್ಸಿಂಗಿನ ದೊಡ್ಡ ಪಂದ್ಯ ನಡೆಯಿತು. ಜ್ಯಾಕ್ ಜಾನ್ಸನ್ ಆ ಪಟ್ಟ ಗೆದ್ದ ಮೊದಲ ಕರಿಯ ಬಾಕ್ಸರ್. ಬಿಳಿಯ ಚಾಂಪಿಯನ್ನರು ಕರಿಯರೊಡನೆ ಪಟ್ಟಕ್ಕಾಗಿ ಆಡಲು ಒಪ್ಪುತ್ತಲೇ ಇರಲಿಲ್ಲ. ಜಾನ್ಸನ್ ಆಗಿನ ಚಾಂಪಿಯನ್ನನ ಬೆನ್ನು ಹತ್ತಿ ಆಸ್ಟ್ರೇಲಿಯಾದವರೆಗೆ ಹೋಗಿ 1908ರಲ್ಲಿ ಪಟ್ಟ ಕಸಿದುಕೊಂಡಿದ್ದರು. ಅದನ್ನು ಸಹಿಸದವರು ನಿವೃತ್ತರಾಗಿದ್ದ ಜಿಮ್ ಜೆಫ್ರೀಸ್ ಅವರನ್ನು ಮತ್ತೆ ಕಣಕ್ಕಿಳಿಸಿದರು. ಜಾನ್ಸನ್ ಅವರನ್ನೂ ಸೋಲಿಸಿದರು. ಸುದ್ದಿ ಹಬ್ಬಿದಂತೆ ಹಲವು ನಗರಗಳಲ್ಲಿ ಗಲಭೆಯಾಗಿ ಜನ ಸತ್ತರು. ಬರೀ ಒಂದು ಗೆಲುವಿಗೆ!

ಅದೇ ಬೇಸಿಗೆಯಲ್ಲಿ ಗಾಮಾ ತಮ್ಮ ಇಮಾಮ್ ಬಕ್ಷ್‌ನೊಡನೆ ಲಂಡನ್ನಿನಲ್ಲಿದ್ದರು. ಹಿಂದುಸ್ತಾನ ಆಗ ಬ್ರಿಟಿಷರ ಕೈಯಲ್ಲಿತ್ತು. ಆಳುವವರ ರಾಜಧಾನಿಗೆ ಹೋಗಿ ಆಳಿಸಿಕೊಳ್ಳುವವನೊಬ್ಬ ತೊಡೆ ತಟ್ಟಿ ನಿಂತಿದ್ದ. ಎತ್ತರ ಸಾಲದೆಂದು ಮೊದಲಿಗೆ ಅವರನ್ನು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಆಗ ಗಾಮಾ ಬಹಿರಂಗವಾಗಿ ಸವಾಲು ಹಾಕಿದರು. ಎಷ್ಟೇ ತೂಕದ ಮೂವರು ಜಟ್ಟಿಗಳು ಬರಲಿ, ಮೂವರನ್ನೂ ಅರ್ಧ ಗಂಟೆಯೊಳಗೆ ಕೆಡವುತ್ತೇನೆ ಎಂಬುದು ಅದರ ಸಾರ. ಬಹಳ ದಿನ ಯಾರೂ ಮುಂದೆ ಬರಲಿಲ್ಲ. ಜಗತ್ತಿನ ಚಾಂಪಿಯನ್ ಎನಿಸಿಕೊಂಡಿದ್ದ ಅಮೆರಿಕದ ಫ್ರ್ಯಾಂಕ್ ಗಾಚ್ ಅವರಿಗೂ ಸವಾಲು ಹೋಯಿತು. ಅವರು ಬರಲೇ ಇಲ್ಲ.

ಕೊನೆಗೆ ಅಮೆರಿಕದ ಡಾಕ್ಟರ್ ಬೆಂಜಮಿನ್ ರೋಲರ್ ಒಪ್ಪಿಕೊಂಡರು. ಆಗಸ್ಟ್‌ನಲ್ಲಿ ಆ ಕುಸ್ತಿ ಆಯಿತು. ಮೊದಲ ಸಲ ರೋಲರ್ ಅವರ ಬೆನ್ನು ನೆಲಕ್ಕೆ ತಾಗಲು ಎರಡು ನಿಮಿಷವೂ ಹಿಡಿಯಲಿಲ್ಲ. ಎರಡನೇ ಸಲ ಹತ್ತು ನಿಮಿಷದೊಳಗೆ ಮುಗಿಯಿತು. ಅದಾದ ಮೇಲೆ ಬಾಗಿಲುಗಳು ತೆರೆದವು. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾವ್ಸ್ ಜಿಬಿಸ್ಕೊ ಎದುರಾದರು. ತೂಕದಲ್ಲಿ ಗಾಮಾ ಅವರಿಗಿಂತ ಭಾರಿ ಆಳು. ಬಹುಮಾನ 250 ಪೌಂಡ್ ಮತ್ತು ಜಾನ್ ಬುಲ್ ಬೆಲ್ಟ್.

ಕುಸ್ತಿ ಶುರುವಾಗಿ ಒಂದು ನಿಮಿಷದೊಳಗೆ ಗಾಮಾ ಜಿಬಿಸ್ಕೊ ಅವರನ್ನು ನೆಲಕ್ಕೆ ತಂದರು. ಆದರೆ ಜಿಬಿಸ್ಕೊ ಹೊಟ್ಟೆ ಅಡಿ ಮಾಡಿ ಚಾಪೆಗೆ ಅಂಟಿಕೊಂಡುಬಿಟ್ಟರು. ಮೇಲೇಳಲಿಲ್ಲ, ಹೊರಳಲಿಲ್ಲ. ಹೀಗೆ ಸುಮಾರು ಎರಡೂವರೆ ಗಂಟೆ! ಹಿಡಿಯಲು ಮಣ್ಣಿಲ್ಲದ ಚಾಪೆಯ ಮೇಲೆ ಆ ಭಾರವನ್ನು ಹೊರಳಿಸಲು ಗಾಮಾ ಅವರಿಂದಲೂ ಆಗಲಿಲ್ಲ. ಕತ್ತಲಾಗುತ್ತ ಬಂದು ಕುಸ್ತಿ ಸಮ ಎಂದು ತೀರ್ಮಾನವಾಯಿತು. ಸೆಪ್ಟೆಂಬರ್ 17ಕ್ಕೆ ಮತ್ತೆ ಕುಸ್ತಿ ಗೊತ್ತುಮಾಡಿದರು. ಅಂದು ಗಾಮಾ ಬಂದರು, ಜನ ಬಂದರು, ಜಿಬಿಸ್ಕೊ ಬರಲಿಲ್ಲ. ಬೆಲ್ಟು ಗಾಮಾ ಅವರದಾಯಿತು. ಇರಾನಿನ ಪುರಾಣವೀರ ರುಸ್ತುಮನ ಹೆಸರಿನಲ್ಲಿ ಜನ ಅವರನ್ನು ರುಸ್ತುಮ್-ಎ-ಜಮಾನಾ, ಅಂದರೆ ಈ ಯುಗದ ಜಗಜಟ್ಟಿ, ಎಂದು ಕರೆದರು.

ಊರಿಗೆ ಮರಳಿದ ಮೇಲೆ ಅಲಹಾಬಾದಿನಲ್ಲಿ ಹಳೆಯ ಲೆಕ್ಕ ಚುಕ್ತಾ ಆಯಿತು. ರಹೀಮ್ ಬಕ್ಷ್ ಅವರೊಡನೆ ಮತ್ತೆ ಕುಸ್ತಿ ಬಿದ್ದು ಗಾಮಾ ಗೆದ್ದರು, ರುಸ್ತುಮ್-ಎ-ಹಿಂದ್ ಆದರು. ತಾನು ಎದುರಿಸಿದವರಲ್ಲಿ ಬಲು ಗಟ್ಟಿ ಆಳು ಯಾರೆಂದು ಮುಂದೆ ಕೇಳಿದವರಿಗೆ ಅವರು ಯಾವ ವಿದೇಶಿಯ ಹೆಸರನ್ನೂ ಹೇಳಲಿಲ್ಲ, ಇದೇ ರಹೀಮ್ ಬಕ್ಷ್ ಹೆಸರು ಹೇಳಿದರು. 1922ರಲ್ಲಿ ಭಾರತ ಪ್ರವಾಸಕ್ಕೆ ಬಂದಿದ್ದ ವೇಲ್ಸ್ ರಾಜಕುಮಾರರು ಅವರಿಗೆ ಬೆಳ್ಳಿಯ ಗದೆ ಕೊಟ್ಟು ಗೌರವಿಸಿದರು.

ಜಿಬಿಸ್ಕೊ ಮತ್ತೆ ಎದುರಾದದ್ದು 1928ರ ಜನವರಿಯಲ್ಲಿ, ಪಟಿಯಾಲದಲ್ಲಿ. ಇಬ್ಬರಿಗೂ ವಯಸ್ಸು ಐವತ್ತರ ಹತ್ತಿರ. ಈ ಸಲ ಚಾಪೆಯಿಲ್ಲ, ಮಣ್ಣಿನ ಕಣ. ಸಾವಿರಾರು ಜನ ದೂರದೂರದಿಂದ ಬಂದು ಸೇರಿದ್ದರು. ಬಂದವರು ಸರಿಯಾಗಿ ಕೂಡುವುದರೊಳಗೇ ಆಟ ಮುಗಿದಿತ್ತು. ಒಂದು ನಿಮಿಷವೂ ತುಂಬಿರಲಿಲ್ಲ, ಜಿಬಿಸ್ಕೊ ಬೆನ್ನ ಮೇಲೆ ಮಲಗಿದ್ದರು. ಹದಿನೇಳು ವರ್ಷ ಬಾಕಿ ಉಳಿದಿದ್ದ ಕುಸ್ತಿ ನಿಕಾಲಿ ಆಯಿತು. ಸೋತ ಜಿಬಿಸ್ಕೊ ಗಾಮಾ ಅವರನ್ನು ಹುಲಿಗೆ ಹೋಲಿಸಿ ಮನಸಾರೆ ಹೊಗಳಿದರು.

ಮರುವರ್ಷ ಜೆಸ್ಸಿ ಪೀಟರ್ಸನ್ ಎಂಬ ಜಟ್ಟಿಯನ್ನು ಕೆಡವಿದ ಮೇಲೆ ಗಾಮಾ ಅವರಿಗೆ ಹೆಸರು ಹೇಳುವಂಥ ಎದುರಾಳಿಯೇ ಸಿಗಲಿಲ್ಲ. ಪಟಿಯಾಲದ ಸೋಲಿನ ಬಳಿಕ ಅವರೊಡನೆ ಕುಸ್ತಿ ಹಿಡಿಯುವ ಧೈರ್ಯ ಬಹಳ ಜನರಿಗೆ ಇರಲಿಲ್ಲ. ಐವತ್ತು ವರ್ಷದ ಕುಸ್ತಿ ಬಾಳಿನಲ್ಲಿ ಸಮವಾದ ಕುಸ್ತಿಗಳಿವೆ. ಅವರ ಬೆನ್ನು ಮಣ್ಣಿಗೆ ತಾಗಿದ ಒಂದು ದಾಖಲೆಯೂ ಇಲ್ಲ.

ಆದರೆ ಅವರ ಬಾಳಿನ ಅತಿ ಕಠಿಣ ದಿನಗಳು ಕಣದಲ್ಲಿ ಬರಲಿಲ್ಲ, ಓಣಿಯಲ್ಲಿ ಬಂದವು. 1947ರಲ್ಲಿ ದೇಶ ಒಡೆಯಿತು. ಗಾಮಾ ಆಗ ಲಾಹೋರಿನಲ್ಲಿದ್ದರು, ವಯಸ್ಸು 70ರ ಅಂಚಿಗೆ ಬಂದಿತ್ತು. ಅವರ ಓಣಿಯಲ್ಲಿ ಹಿಂದೂ ಮನೆಗಳಿದ್ದವು. ಗಡಿಯ ಎರಡೂ ಕಡೆ ನೆರೆಯವರೇ ನೆರೆಯವರನ್ನು ಕೊಲ್ಲುತ್ತಿದ್ದ ದಿನಗಳವು. ಗುಂಪು ಓಣಿಗೆ ನುಗ್ಗಿ ಬಂದಾಗ ಗಾಮಾ ತಮ್ಮ ಮನೆತನದ ಪೈಲವಾನರನ್ನು ಕಟ್ಟಿಕೊಂಡು ಅಡ್ಡ ನಿಂತರು. ಗುಂಪು ಹಿಂದೆ ಸರಿಯಿತು. ಆ ಕುಟುಂಬಗಳು ಊರು ಬಿಡುವ ಹೊತ್ತಿಗೆ ದಾರಿಗೆ ಬೇಕಾದ ಆಹಾರವನ್ನೂ ಹಣವನ್ನೂ ಕೊಟ್ಟು ಕಳಿಸಿದರು ಎಂದು ಅವರ ಬಾಳಿನ ಕಥೆ ಹೇಳುವವರು ನೆನೆಯುತ್ತಾರೆ.

ಜನರನ್ನು ಕೆಡವುವುದಕ್ಕಿಂತ ತನ್ನ ಸಿಟ್ಟನ್ನು ಗೆಲ್ಲುವುದರಲ್ಲಿ ನಿಜವಾದ ಬಲವಿದೆ ಎಂಬ ಪ್ರವಾದಿ (ಸ) ಅವರ ಬೋಧನೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಇಲ್ಲಿ ಜಗಜಟ್ಟಿಯೊಬ್ಬ ಊರಿಗೆ ಊರೇ ಸಿಟ್ಟಿನಲ್ಲಿದ್ದಾಗ ಆ ಪಾಠವನ್ನು ಬಾಳಿ ತೋರಿಸಿದ್ದ. ಅಂದು ಬೆಲ್ಟ್ ಇರಲಿಲ್ಲ, ಗದೆ ಇರಲಿಲ್ಲ, ಹಲಗಿ ಬಾರಿಸುವವರೂ ಇರಲಿಲ್ಲ.

ಕೊನೆಗಾಲ ಸುಖದ್ದಾಗಿರಲಿಲ್ಲ. ಸಂಸ್ಥಾನಗಳು ಹೋದ ಮೇಲೆ ಪೈಲವಾನರನ್ನು ಸಾಕುವವರೂ ಇಲ್ಲವಾದರು. ಎದೆಯ ರೋಗ, ಉಬ್ಬಸ, ಔಷಧಿಯ ಖರ್ಚು. ಕಷ್ಟದ ಸುದ್ದಿ ಗಡಿ ದಾಟಿ ಬಂದಾಗ ಭಾರತದ ಉದ್ಯಮಿ ಜಿ. ಡಿ. ಬಿರ್ಲಾ 2000 ರೂಪಾಯಿ ಕಳಿಸಿ ತಿಂಗಳಿಗೆ 300 ರೂಪಾಯಿ ವೇತನ ಗೊತ್ತುಮಾಡಿದರು. ಪಾಕಿಸ್ತಾನ ಸರ್ಕಾರವೂ ಚಿಕಿತ್ಸೆಗೆ ನೆರವಾಯಿತು. 1960ರ ಮೇ 23ರಂದು ಲಾಹೋರಿನಲ್ಲಿ ಗಾಮಾ ತೀರಿಕೊಂಡರು. ಅವರ ತಮ್ಮನ ಮಕ್ಕಳು, ಭೋಲೂ ಸಹೋದರರು, ಮನೆತನದ ಕುಸ್ತಿಯನ್ನು ಮುಂದುವರಿಸಿದರು. ಚಲನಚಿತ್ರಗಳಿಂದ ಹೆಸರಾದ ಬ್ರೂಸ್ ಲೀ ಕೂಡ ಗಾಮಾ ಅವರ ದಂಡ, ಬೈಠಕ್‌ಗಳ ಬಗ್ಗೆ ಓದಿ ಅವನ್ನು ತಮ್ಮ ತಾಲೀಮಿಗೆ ಸೇರಿಸಿಕೊಂಡಿದ್ದರು.

ಈಗ ಮತ್ತೆ ಹಾಸ್ಟೆಲ್ಲಿನ ಚರ್ಚೆಗೆ ಬರೋಣ. ಅಲಿಯೋ, ಲೂಯಿಸೋ, ಮಾರ್ಸಿಯಾನೊನೋ? ಎಷ್ಟು ಗೆದ್ದರು ಎಂಬುದನ್ನು ಲೆಕ್ಕ ಹಾಕಿ. ಜಾನ್ಸನ್ ಮತ್ತು ಗಾಮಾ ಅವರ ಮಟ್ಟಿಗೆ, ಯಾರು ಯಾರು ಎದುರು ಬರಲು ಹಿಂಜರಿದರು ಎಂಬುದನ್ನೂ ಸೇರಿಸಿ. ಅದಾದ ಮೇಲೆ, ಗೆದ್ದು ಗಳಿಸಿದ ಬಲವನ್ನು ಅವರು ಯಾರ ಪರವಾಗಿ ಬಳಸಿದರು ಎಂದು ಕೇಳಿ. ಪಟ್ಟ ಹೋದರೂ ಯುದ್ಧಕ್ಕೆ ಒಪ್ಪದ ಅಲಿಯವರಿಗೆ ಆ ಪ್ರಶ್ನೆಯಲ್ಲಿ ಒಳ್ಳೆಯ ಅಂಕ ಸಿಗುತ್ತದೆ. ಗಾಮಾ ಪೈಲವಾನರಿಗೆ ಎಷ್ಟು ಕೊಡಬೇಕೆಂದು ನೀವೇ ಹೇಳಿ.