ಮಾತು ಕೃತಿಯಾಗುವ ಬಗೆ: ಜೆ. ಎಲ್. ಆಸ್ಟಿನ್

ಮಾತು ಬೇರೆ, ಕೃತಿ ಬೇರೆ ಎಂಬ ಭಾವನೆ ಬಹಳ ಹಳೆಯದು. ಆದರೆ ಮಾತು ಕೊಡುವುದು, ಮಾತಿಗೆ ತಪ್ಪುವುದು ಎಂಬ ನಮ್ಮ ನುಡಿಗಟ್ಟುಗಳು ಬೇರೊಂದು ಸತ್ಯವನ್ನು ಸೂಚಿಸುತ್ತವೆ. ಆಡಿದ ಮಾತೇ ಕ್ರಿಯೆಯಾಗುವ ಈ ಸಂಗತಿಯನ್ನು ಶಾಸ್ತ್ರೀಯ ವಿವೇಚನೆಗೆ ಒಳಪಡಿಸಿ, ಪ್ರಾಗ್ಮಾಟಿಕ್ಸ್ ಎಂಬ ಅಧ್ಯಯನಶಾಖೆಗೆ ತಳಹದಿ ಹಾಕಿದವರಲ್ಲಿ ಆಸ್ಟಿನ್ ಪ್ರಮುಖರು.

ಜಾನ್ ಲ್ಯಾಂಗ್‌ಶಾ ಆಸ್ಟಿನ್ 1911ರ ಮಾರ್ಚ್ 26ರಂದು ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಜನಿಸಿದರು. ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರಗಳನ್ನು ಅಭ್ಯಸಿಸಿ ಅಲ್ಲಿಯೇ ಅಧ್ಯಾಪಕರಾದರು. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಗುಪ್ತಚರ ವಿಭಾಗವನ್ನು ಸೇರಿ, 1944ರ ನಾರ್ಮಂಡಿ ಕಾರ್ಯಾಚರಣೆಗೆ ಬೇಕಾದ ಮಾಹಿತಿಯ ಸಂಗ್ರಹ, ಪರಿಶೀಲನೆಗಳಲ್ಲಿ ತೊಡಗಿದರು. ಸಣ್ಣ ವಿವರವನ್ನೂ ಕಡೆಗಣಿಸದ ಶಿಸ್ತು ಅವರ ಚಿಂತನೆಯಲ್ಲಿಯೂ ಎದ್ದು ಕಾಣುತ್ತದೆ. 1952ರಲ್ಲಿ ಅವರು ಆಕ್ಸ್‌ಫರ್ಡಿನ ನೀತಿಶಾಸ್ತ್ರ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದರು.

ದಿನಬಳಕೆಯ ಭಾಷೆಯಲ್ಲಿ ತಲೆಮಾರುಗಳ ವಿವೇಕ ಸಂಚಿತವಾಗಿದೆ ಎಂಬುದು ಆಸ್ಟಿನ್ನರ ನಿಲುವು. ಶನಿವಾರ ಬೆಳಿಗ್ಗೆ ಕಿರಿಯ ಸಹೋದ್ಯೋಗಿಗಳೊಡನೆ ಕುಳಿತು ಸಮೀಪಾರ್ಥಕ ಪದಗಳ ಅಂತರವನ್ನು ಅವರು ಚರ್ಚಿಸುತ್ತಿದ್ದರು. ನೆವ, ಸಮಜಾಯಿಷಿಗಳನ್ನು ಕುರಿತ 1956ರ ಪ್ರಬಂಧ ಈ ಕ್ರಮಕ್ಕೆ ಉತ್ತಮ ನಿದರ್ಶನ. ಕಣ್ತಪ್ಪು, ಕೈತಪ್ಪು, ಬಾಯ್ತಪ್ಪುಗಳನ್ನು ಬೇರೆಬೇರೆಯಾಗಿ ಬಲ್ಲ ಕನ್ನಡಿಗರಿಗೆ ಈ ವಿಧಾನ ಅಪರಿಚಿತವೆನಿಸದು.

1955ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅವರು ನೀಡಿದ ಉಪನ್ಯಾಸಗಳು ಮಹತ್ತ್ವದವು. ಕ್ಷಮೆ ಕೋರುವ, ಆಣೆಯಿಡುವ, ಹೆಸರಿಡುವ ಮಾತುಗಳನ್ನು ಸತ್ಯ ಅಥವಾ ಸುಳ್ಳು ಎನ್ನಲಾಗದು. ಅವು ಸಫಲ ಅಥವಾ ವಿಫಲ ಮಾತ್ರ. ಅಧಿಕಾರವಿಲ್ಲದವನು ಸಭೆ ಮುಗಿಯಿತೆಂದು ಸಾರಿದರೆ ಸಭೆ ಮುಗಿಯುವುದಿಲ್ಲ. ಹೀಗೆ ವರದಿ ಮಾಡುವ ಮಾತು, ಕಾರ್ಯವೆಸಗುವ ಮಾತು ಎಂದು ವಿಂಗಡಿಸಿದ ಆಸ್ಟಿನ್, ಅದೇ ಉಪನ್ಯಾಸಮಾಲೆಯಲ್ಲಿ ಆ ವಿಂಗಡಣೆ ನಿಲ್ಲದೆಂದು ತೋರಿಸಿದುದು ಗಮನಾರ್ಹ. ವರದಿ ಮಾಡುವುದೂ ಒಂದು ಕ್ರಿಯೆಯೇ ಅಲ್ಲವೆ? ಆದುದರಿಂದ ಪ್ರತಿ ಉಕ್ತಿಯಲ್ಲಿಯೂ ಅವರು ಮೂರು ಮುಖಗಳನ್ನು ಗುರುತಿಸಿದರು. ಹೊರಟವನಿಗೆ ಮಳೆ ಬರುವಂತಿದೆ ಎನ್ನುವಾಗ ಅರ್ಥವುಳ್ಳ ವಾಕ್ಯವನ್ನು ನುಡಿಯುವುದು ಮೊದಲನೆಯದು. ಆ ನುಡಿಯಲ್ಲಿಯೇ ಎಚ್ಚರಿಕೆ ನೀಡುವುದು ಎರಡನೆಯದು. ಅದರಿಂದ ಕೇಳುಗನು ಹಿಂದೆಗೆಯುವಂತಾಗುವುದು ಮೂರನೆಯದು.

ನಾಟಕ, ಕಾವ್ಯಗಳ ಉಕ್ತಿಗಳನ್ನು ಅವರು ಈ ವಿವೇಚನೆಯಿಂದ ಹೊರಗಿಟ್ಟರು. ರಂಗದ ಮೇಲಿನ ಆಣೆ ಎಂತಹ ಕ್ರಿಯೆ ಎಂಬ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳ ಪಾಲಿಗೆ ಉಳಿದಿದೆ.

1960ರ ಫೆಬ್ರವರಿ 8ರಂದು, 48ನೆಯ ವಯಸ್ಸಿನಲ್ಲಿ, ಆಸ್ಟಿನ್ ಕ್ಯಾನ್ಸರ್‌ನಿಂದ ನಿಧನರಾದರು. ಜೀವಿತಕಾಲದಲ್ಲಿ ಅವರು ಪ್ರಕಟಿಸಿದ್ದು ಕೆಲವೇ ಪ್ರಬಂಧಗಳನ್ನು. ಹಾರ್ವರ್ಡ್ ಉಪನ್ಯಾಸಗಳ ಟಿಪ್ಪಣಿಗಳನ್ನು ಜೆ. ಓ. ಅರ್ಮ್‌ಸನ್ ಸಂಪಾದಿಸಿ 1962ರಲ್ಲಿ ಗ್ರಂಥರೂಪಕ್ಕೆ ತಂದರು. ಜಾನ್ ಸರ್ಲ್ 1969ರಲ್ಲಿ ಈ ವಿಚಾರವನ್ನು ವ್ಯವಸ್ಥಿತ ಸಿದ್ಧಾಂತವಾಗಿ ಬೆಳೆಸಿದರು. ತಾವು ಕಟ್ಟಿದುದನ್ನು ತಾವೇ ಒರೆಗೆ ಹಚ್ಚಿ, ನಿಲ್ಲದುದನ್ನು ಕೈಬಿಟ್ಟ ಈ ವಿದ್ವಾಂಸರ ಪ್ರಾಮಾಣಿಕತೆ ಅವರ ಸಿದ್ಧಾಂತದಷ್ಟೇ ಅನುಕರಣೀಯವಾದುದು.