ಪಕ್ಷಿಮಿತ್ರ ಎಂ. ಕೃಷ್ಣನ್

ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿಯನ್ನೋ ನೀರುಕಾಗೆಯನ್ನೋ ಕಾಣದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಆದರೆ ಕಂಡದ್ದನ್ನು ನಿಂತು ನೋಡುವವರು ವಿರಳ. ಹಾಗೆ ನೋಡುವುದನ್ನೇ ಬಾಳಿನ ಕಾಯಕವನ್ನಾಗಿ ಮಾಡಿಕೊಂಡ ಮಹನೀಯರೊಬ್ಬರು ನಮ್ಮ ತಮಿಳುನಾಡಿನಲ್ಲಿ ಬಾಳಿದ್ದರು. ಅವರೇ ಪ್ರಖ್ಯಾತ ನಿಸರ್ಗ ಲೇಖಕರೂ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದ ಎಂ. ಕೃಷ್ಣನ್ ಅವರು.

ಕೃಷ್ಣನ್ ಅವರು 1912ನೇ ಇಸವಿ ಜೂನ್ 30ರಂದು ತಿರುನೆಲ್ವೇಲಿಯಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಅವರೇ ಕಿರಿಯರು. ತಂದೆ ಅ. ಮಾಧವಯ್ಯನವರು ಸರಕಾರದ ಉಪ್ಪಿನ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದರು. ತಮಿಳಿನ ಆರಂಭಕಾಲದ ಕಾದಂಬರಿಕಾರರಲ್ಲಿ ಒಬ್ಬರು. 1925ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಸಭೆಯಲ್ಲಿ, ಪದವಿ ತರಗತಿಗೆ ತಮಿಳು ಕಡ್ಡಾಯ ವಿಷಯವಾಗಬೇಕೆಂದು ವಾದಿಸಿ ಭಾಷಣ ಮುಗಿಸಿದ ಅವರು ಅಲ್ಲಿಯೇ ಕೊನೆಯುಸಿರೆಳೆದರು. ಆಗ ಕೃಷ್ಣನ್‌ಗೆ ಹದಿಮೂರು ವರ್ಷ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಕೃಷ್ಣನ್ ಪರೀಕ್ಷೆಗಳಲ್ಲಿ ಮುಂದಿನ ಸಾಲಿನವರಾಗಿರಲಿಲ್ಲ. ಆದರೆ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಫೈಸನ್ ಅವರ ಸಂಗಡ ನೀಲಗಿರಿ ಮತ್ತು ಕೊಡೈಕಾನಲ್ ಬೆಟ್ಟಗಳಲ್ಲಿ ಸುತ್ತಾಡಿ, ಗಿಡಮರಗಳನ್ನು ಹತ್ತಿರದಿಂದ ನೋಡುವುದನ್ನು ಕಲಿತರು. ಅಂಕಪಟ್ಟಿಯಲ್ಲಿ ಸೇರದ ಈ ವಿದ್ಯೆಯೇ ಮುಂದೆ ಅವರ ಕೈಹಿಡಿಯಿತು. ಕಾನೂನು ಪದವಿ ಪಡೆದರೂ ವಕೀಲಿ ವೃತ್ತಿಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಪತ್ರಿಕೆಗಳಿಗೆ ಲೇಖನ ಬರೆದರು, ಚಿತ್ರ ಬಿಡಿಸಿದರು.

1942ರಲ್ಲಿ ಕನ್ನಡ ನಾಡಿನ ಸಂಡೂರು ಸಂಸ್ಥಾನದಲ್ಲಿ ಅವರಿಗೆ ಕೆಲಸ ದೊರೆಯಿತು. ಶಾಲೆಯ ಉಪಾಧ್ಯಾಯರಾಗಿ, ನ್ಯಾಯಾಧೀಶರಾಗಿ, ಮಹಾರಾಜರ ಕಾರ್ಯದರ್ಶಿಯಾಗಿ ಅಲ್ಲಿ ಸೇವೆ ಸಲ್ಲಿಸಿದರು. ಬಿಡುವಿನಲ್ಲಿ ಬೆಟ್ಟಗುಡ್ಡಗಳನ್ನು ಅಲೆದರು. 1949ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಮೂವತ್ತೇಳರ ವಯಸ್ಸು, ಸಂಸಾರದ ಹೊಣೆ. ಬೇರೆ ಯಾರಾದರೂ ಇನ್ನೊಂದು ನೌಕರಿ ಹುಡುಕುತ್ತಿದ್ದರು. ಕೃಷ್ಣನ್ ಅವರು ಲೇಖನಿ ಮತ್ತು ಕ್ಯಾಮೆರಾಗಳನ್ನೇ ನಂಬಿ ಮದರಾಸಿಗೆ ಹಿಂದಿರುಗಿದರು.

1950ರಿಂದ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಅವರ ಅಂಕಣ ಆರಂಭವಾಯಿತು. ನಲವತ್ತಾರು ವರ್ಷ ಅದು ನಡೆಯಿತು. ಆನೆ ಹುಲಿಗಳಷ್ಟೇ ಶ್ರದ್ಧೆಯಿಂದ ಅವರು ಮನೆಯಂಗಳದ ಕಾಗೆ, ಅಳಿಲುಗಳ ವಿಷಯವನ್ನೂ ಬರೆದರು.

ಅವರ ಛಾಯಾಚಿತ್ರಗಳೆಲ್ಲ ಕಪ್ಪು-ಬಿಳುಪಿನವು. ದುಬಾರಿ ಕ್ಯಾಮೆರಾದ ಆಸೆ ಅವರಿಗಿರಲಿಲ್ಲ. ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ಕೂಡಿಸಿ ತಾವೇ ಒಂದು ಭಾರೀ ಯಂತ್ರವನ್ನು ಸಿದ್ಧಪಡಿಸಿಕೊಂಡು, ಅದಕ್ಕೆ ತಮಾಷೆಯಾಗಿ ಸೂಪರ್ ಪಾಂಡೆರೋಸಾ ಎಂದು ಹೆಸರಿಟ್ಟಿದ್ದರು! ಆಗಿನದು ಫಿಲಂ ಕಾಲ. ಗುಂಡಿ ಒತ್ತಿದೊಡನೆ ಚಿತ್ರ ಕಾಣುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದ ಮೇಲೆಯೇ ಫಲ ತಿಳಿಯುತ್ತಿತ್ತು. ಆದಕಾರಣ ಹಕ್ಕಿಯ ಸ್ವಭಾವವನ್ನು ಮೊದಲು ಅರಿತು, ತಕ್ಕ ಗಳಿಗೆಗಾಗಿ ತಾಳ್ಮೆಯಿಂದ ಕಾಯಬೇಕಾಗಿತ್ತು.

ಅವರು ಪ್ರೀತಿಸಿದ ಸ್ಥಳಗಳಲ್ಲಿ ಒಂದು ಚೆಂಗಲ್ಪಟ್ಟು ಸೀಮೆಯ ವೇಡಂತಾಂಗಲ್ ಕೆರೆ. ಮಳೆಗಾಲ ಬಂದರೆ ಅಲ್ಲಿ ನೀರಿನ ನಡುವಣ ಮರಗಳ ಮೇಲೆ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ಹಕ್ಕಿಗಳ ಹಿಕ್ಕೆ ಬಿದ್ದ ನೀರು ಗದ್ದೆಗೆ ಗೊಬ್ಬರವಾಗುವುದೆಂದು ಅರಿತ ರೈತರು ಇನ್ನೂರು ವರ್ಷಗಳಿಗೂ ಹಿಂದಿನಿಂದ ಅವುಗಳನ್ನು ಕಾಪಾಡುತ್ತ ಬಂದಿದ್ದಾರೆ. ಊರಿನವರೇ ಕಾದ ಈ ಕೆರೆಯ ಹಕ್ಕಿಗಳನ್ನು ಕೃಷ್ಣನ್ ಅವರು ಚಿತ್ರಗಳಿಂದಲೂ ಬರಹದಿಂದಲೂ ಲೋಕಕ್ಕೆ ಪರಿಚಯಿಸಿದರು.

ಇಂಗ್ಲಿಷಿನಲ್ಲಿ ಹೆಸರು ಗಳಿಸಿದರೂ ಅವರು ತಾಯ್ನುಡಿಯನ್ನು ಮರೆಯಲಿಲ್ಲ. ತಮಿಳು ವಿಶ್ವಕೋಶಕ್ಕೆ ಪ್ರಾಣಿಪಕ್ಷಿಗಳ ಲೇಖನಗಳನ್ನು ಬರೆದುಕೊಟ್ಟರು. ತಂದೆ ಸಭೆಯಲ್ಲಿ ಬೇಡಿದ್ದನ್ನು ಮಗ ತನ್ನ ಬರಹದಲ್ಲಿ ಸಲ್ಲಿಸಿದನೆನ್ನಬಹುದು. ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು ನುಡಿ ಆಡುವ ನಮ್ಮ ಗಡಿನಾಡಿನ ಮಕ್ಕಳು ಇದನ್ನು ನೆನಪಿಡಬೇಕು.

ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 1996ರ ಫೆಬ್ರವರಿ 18ರಂದು ಅವರು ನಿಧನರಾದರು. ಅವರ ಕೊನೆಯ ಅಂಕಣ ಅಚ್ಚಾದದ್ದೂ ಅದೇ ದಿನ.

ವಿದ್ಯಾರ್ಥಿಗಳೇ, ಇಂದು ಮನೆಮನೆಯ ಮೊಬೈಲಿನಲ್ಲಿಯೂ ಕ್ಯಾಮೆರಾ ಇದೆ. ಊರ ಕೆರೆಗೆ ಹೋಗಿರಿ, ಚಿತ್ರ ತೆಗೆಯಿರಿ. ಆದರೆ ಗೂಡಿನ ಬಳಿ ಸಾರಬೇಡಿರಿ. ಬೆದರಿದ ತಾಯಿಹಕ್ಕಿ ಹಾರಿಹೋದರೆ ಮೊಟ್ಟೆ ಕಾಗೆಯ ಪಾಲಾಗುತ್ತದೆ. ತೆಗೆಯದೆ ಬಿಟ್ಟ ಚಿತ್ರವನ್ನು ನಾಳೆ ತೆಗೆಯಬಹುದು. ಬಿಟ್ಟುಹೋದ ಗೂಡಿಗೆ ನಾಳೆ ಎಂಬುದಿಲ್ಲ.